ಅಕ್ಷರ ಬಂತು, ಓದು ಬರಬೇಕು

ನಿಲ್ದಾಣಕ್ಕೆ ಬಂದ ಬಸ್ಸಿನ ಬೋರ್ಡು ಓದಲು ಸಿಗುವುದು ಎರಡು ಮೂರು ಸೆಕೆಂಡು. ಅಕ್ಷರಕ್ಕೆ ಅಕ್ಷರ ಕೂಡಿಸಿ ಓದುವವರು ‘ಚಿಕ್ಕನಾಯಕನಹಳ್ಳಿ’ಯಲ್ಲಿ ‘ನಾಯಕ’ದವರೆಗೆ ಬರುವಷ್ಟರಲ್ಲಿ ಬಸ್ಸು ಹೊರಟಿರುತ್ತದೆ. ಪಕ್ಕದವರನ್ನು ಕೇಳುವುದೇ ಸುಲಭ ಅನ್ನಿಸುತ್ತದೆ. ಹಾಗೆ ಕೇಳುತ್ತ ಕೇಳುತ್ತ, ಕಷ್ಟಪಟ್ಟು ಕಲಿತ ಅಕ್ಷರ ಮರೆಯುತ್ತಾ ಹೋಗುತ್ತದೆ.

ಈ ಓದುಗರು ಲೆಕ್ಕದಲ್ಲಿ ಸಾಕ್ಷರರು. 2011ರ ಜನಗಣತಿಯಂತೆ ಕರ್ನಾಟಕದ ಸಾಕ್ಷರತೆ ಶೇ 75.36. ಮಹಿಳೆಯರಲ್ಲಿ ಶೇ 68ರ ಆಸುಪಾಸು. ಯಾವುದೇ ಒಂದು ಭಾಷೆಯನ್ನು ಅರ್ಥ ಮಾಡಿಕೊಂಡು ಓದಿ ಬರೆಯಬಲ್ಲ, ಏಳು ವರ್ಷ ತುಂಬಿದ ಯಾರೇ ಆದರೂ ಸಾಕ್ಷರರು ಎಂಬುದು ಜನಗಣತಿಯ ವ್ಯಾಖ್ಯೆ. ಆದರೆ ಗಣತಿಯವರು ಯಾರ ಕೈಗೂ ಪುಸ್ತಕ ಕೊಟ್ಟು ಓದಿಸುವುದಿಲ್ಲ, ಮನೆಯವರು ಹೇಳಿದ್ದನ್ನು ಬರೆದುಕೊಳ್ಳುತ್ತಾರೆ.

ಕನ್ನಡದ ಲಿಪಿಯನ್ನು ಚಿಕ್ಕಂದಿನಲ್ಲೇ ಕಲಿತವರಿಗೆ ಅದರ ಕಷ್ಟ ಕಾಣಿಸುವುದಿಲ್ಲ. ವರ್ಣಮಾಲೆ ಮುಗಿದರೆ ಕಾಗುಣಿತ, ಕಾಗುಣಿತ ಮುಗಿದರೆ ಒತ್ತಕ್ಷರ. ಕಣ್ಣಿಗೆ ಪರಿಚಯವಾಗಬೇಕಾದ ರೂಪಗಳು ನೂರಾರು. ಸರ್ಕಾರಿ ಬಸ್ಸಿನ ಮೇಲೆ, ಕಚೇರಿಗಳ ಫಲಕದ ಮೇಲೆ ದಿನವೂ ಕಾಣುವ ‘ಕರ್ನಾಟಕ’ವನ್ನೇ ನೋಡಿ. ಬಾಯಲ್ಲಿ ‘ರ್’ ಮೊದಲು ಬರುತ್ತದೆ, ಬರಹದಲ್ಲಿ ಅದರ ಅರ್ಕಾವತ್ತು ‘ನಾ’ ಆದ ಮೇಲೆ ಕೂರುತ್ತದೆ. ಹೊಸದಾಗಿ ಓದುವವರ ಕಣ್ಣು ಮುಂದೆ ಹೋಗಿ ಮತ್ತೆ ಹಿಂದಕ್ಕೆ ಬರಬೇಕು. ಸಾಲಿನ ಕೊನೆ ಮುಟ್ಟುವಷ್ಟರಲ್ಲಿ ಸಾಲಿನ ಮೊದಲ ಪದ ನೆನಪಿನಿಂದ ಜಾರಿರುತ್ತದೆ. ತಡವರಿಸುವ ಓದಿನಲ್ಲಿ ಅರ್ಥ ದಕ್ಕದೇ ಇರುವುದಕ್ಕೆ ಇದೇ ಕಾರಣ, ದಡ್ಡತನ ಖಂಡಿತ ಅಲ್ಲ.

ವಯಸ್ಸಾದ ಮೇಲೆ ತಲೆಗೆ ಹತ್ತುವುದಿಲ್ಲ ಎಂಬ ಮಾತಿಗೂ ಆಧಾರವಿಲ್ಲ. ಲಖನೌ ಸಮೀಪದ ಹಳ್ಳಿಗಳಲ್ಲಿ ಓದು ಬಾರದ ವಯಸ್ಕರಿಗೆ, ಅವರಲ್ಲಿ ಹೆಚ್ಚಿನವರು ಮಹಿಳೆಯರು, ಆರು ತಿಂಗಳು ಹಿಂದಿ ಓದು ಕಲಿಸಿ ಅವರ ಮಿದುಳನ್ನು ಸ್ಕ್ಯಾನ್ ಮಾಡಿದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ನೋಟಕ್ಕೆ ಸಂಬಂಧಿಸಿದ ಭಾಗಗಳ ನಡುವಿನ ಹೊಂದಾಣಿಕೆ ಕಲಿಕೆಯ ನಂತರ ಬದಲಾಗಿದ್ದುದು ಅದರಲ್ಲಿ ಕಂಡುಬಂತು. ಕೇರಳದ ಆಲಪ್ಪುಳ ಜಿಲ್ಲೆಯ ಕಾರ್ತ್ಯಾಯನಿ ಅಮ್ಮ 2018ರಲ್ಲಿ ಸಾಕ್ಷರತಾ ಪರೀಕ್ಷೆಗೆ ಕೂತಾಗ ಅವರಿಗೆ 96 ವರ್ಷ. ನೂರಕ್ಕೆ 98 ಅಂಕ ಬಂತು, ಓದಿನ ವಿಭಾಗದಲ್ಲಂತೂ ಪೂರ್ತಿ ಅಂಕ.

ಹಾಗಾದರೆ ಬೇಕಾದದ್ದೇನು? ಪಕ್ಕದಲ್ಲಿ ಕೂತು ಓದಿಸುವ ಒಬ್ಬರು. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ, ಈಗ ‘ಉಲ್ಲಾಸ್’ ಎಂದು ಕರೆಯುವ ಕಾರ್ಯಕ್ರಮ ನಿಂತಿರುವುದೇ ಸ್ವಯಂಸೇವಕರ ಮೇಲೆ. ಹದಿನೈದು ದಾಟಿದ ಯಾರು ಬೇಕಾದರೂ ಕಲಿಯಬಹುದು. ಕಲಿಸುವವರಿಗೆ ಸಂಬಳವಿಲ್ಲ. ಓದು, ಬರಹ, ಲೆಕ್ಕಕ್ಕೆ ತಲಾ 50ರಂತೆ 150 ಅಂಕದ ಪರೀಕ್ಷೆ, ಪಾಸಾದವರಿಗೆ ಪ್ರಮಾಣಪತ್ರ.

ಒಳ್ಳೆಯ ಸ್ವಯಂಸೇವಕರು ಅ, ಆ, ಇ, ಈ ಗಿಣಿಪಾಠ ಮಾಡಿಸುತ್ತ ಕೂರುವುದಿಲ್ಲ. ಕಲಿಯುವವರ ಹೆಸರು, ಊರು, ದಿನವೂ ಮುಟ್ಟುವ ವಸ್ತುಗಳಿಂದ ಶುರು ಮಾಡುತ್ತಾರೆ. ಅವರ ಬಾಯಿಂದಲೇ ನಾಲ್ಕು ಮಾತು ಆಡಿಸಿ, ಆಡಿದ ಹಾಗೇ ಬರೆದುಕೊಂಡು, ಅದನ್ನೇ ಪಾಠ ಮಾಡುವುದು ಬಹಳ ಫಲ ಕೊಡುವ ಕ್ರಮ. ‘ನಾನು ಬೆಳಿಗ್ಗೆ ಐದಕ್ಕೆ ಎದ್ದು ರೊಟ್ಟಿ ಬಡಿತೀನಿ’ ಅಂದವರಿಗೆ ಮುಂದಿನ ಪದ ಯಾವುದೆಂದು ಮೊದಲೇ ಗೊತ್ತಿರುತ್ತದೆ, ಕಣ್ಣು ಅದನ್ನು ಗುರುತು ಹಿಡಿದರೆ ಸಾಕು. ಬೀದರಿನವರಿಗೆ, ಮನೆಯಲ್ಲಿ ಲಂಬಾಣಿಯನ್ನೋ ತುಳುವನ್ನೋ ಆಡುವವರಿಗೆ ಈ ಕ್ರಮ ಇನ್ನೂ ಮುಖ್ಯ, ಏಕೆಂದರೆ ಪುಸ್ತಕದ ಕನ್ನಡ ಅವರ ನಾಲಿಗೆಯದಲ್ಲ.

ಆಮೇಲೆ ಜೋಡಿ ಓದು. ಮೊದಲು ಕಲಿಸುವವರು ಬೆರಳಿಟ್ಟು ಓದುತ್ತಾರೆ, ನಂತರ ಇಬ್ಬರೂ ಒಟ್ಟಿಗೆ, ಕೊನೆಗೆ ಕಲಿಯುವವರೊಬ್ಬರೇ. ಅದೇ ಪುಟ ನಾಳೆ ಮತ್ತೆ. ನಿನ್ನೆ ಎಡವಿದ ಪದ ಇವತ್ತು ಒಂದೇ ಉಸಿರಿಗೆ ಬಂದಾಗ ಮುಖದಲ್ಲಿ ಮೂಡುವ ಕಳೆ ಯಾವ ಪ್ರಮಾಣಪತ್ರಕ್ಕೂ ಕಡಿಮೆಯಲ್ಲ.

ವಯಸ್ಕರನ್ನು ಕಾಡುವುದು ನಾಚಿಕೆ. ಬ್ಯಾಂಕಿನಲ್ಲಿ ಅರ್ಜಿ ಕೈಗೆ ಬಂದರೆ ಕನ್ನಡಕ ಮನೆಯಲ್ಲೇ ಉಳಿಯಿತು ಎಂದು ತಪ್ಪಿಸಿಕೊಂಡವರು, ಹೆಬ್ಬೆಟ್ಟು ಎಂದು ಹಂಗಿಸಿಕೊಂಡವರು ಅವರು. ಅಂಥವರನ್ನು ‘ಅಕ್ಕ, ಇನ್ನೊಂದು ಸಲ ನೋಡೋಣ’ ಎನ್ನುವ ಕಾಲೇಜು ಹುಡುಗಿ ತಿದ್ದಿದರೆ ಬೇಸರವಾಗುವುದಿಲ್ಲ. ಮಕ್ಕಳಿಗೆ ಗದರುವ ಹಾಗೆ ಗದರಿದರೆ ಅಕ್ಕ ಮರುದಿನ ಬರುವುದೇ ಇಲ್ಲ. ಕನ್ನಡಕದ ಮಾತು ಕೆಲವೊಮ್ಮೆ ನೆಪವೂ ಅಲ್ಲ. ನಲವತ್ತು ದಾಟಿದವರಿಗೆ ಹತ್ತಿರದ್ದು ಮಸುಕಾಗುತ್ತದೆ. ‘ನನಗೆ ಓದು ಹತ್ತಲ್ಲ’ ಎಂದು ಕೈಚೆಲ್ಲುವ ಮುಂಚೆ ಒಂದು ಕಣ್ಣಿನ ಪರೀಕ್ಷೆ ಆಗಲೇಬೇಕು.

ಪರೀಕ್ಷೆ ಪಾಸಾದ ಕೂಡಲೇ ಪಾಠ ನಿಲ್ಲಿಸುವುದೇ ದೊಡ್ಡ ತಪ್ಪು. ಓದಿಗೆ ವೇಗ ಬರಬೇಕಾದದ್ದು ಆಮೇಲೆ. ಸ್ತ್ರೀಶಕ್ತಿ ಸಂಘದ ಪುಸ್ತಕ, ಪಡಿತರ ಚೀಟಿ, ಮಾತ್ರೆಯ ಚೀಟಿ ಎಲ್ಲವೂ ಪಠ್ಯವೇ. ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ ಮೊದಲ ಸಲ ಜೊತೆಗೆ ಕರೆದುಕೊಂಡು ಹೋಗುವುದೂ ಸ್ವಯಂಸೇವಕರ ಕೆಲಸ. ಮನೆಯ ಟಿ.ವಿ.ಯೂ ನೆರವಾಗಬಲ್ಲದು. ಅಹಮದಾಬಾದಿನ ಪ್ರಾಧ್ಯಾಪಕ ಬ್ರಿಜ್ ಕೊಠಾರಿ 1990ರ ದಶಕದ ಕೊನೆಯಲ್ಲಿ ಗುಜರಾತಿನ ದೂರದರ್ಶನದಲ್ಲಿ ಚಿತ್ರಗೀತೆಗಳ ಸಾಹಿತ್ಯವನ್ನು ಅದೇ ಭಾಷೆಯಲ್ಲಿ ಪರದೆಯ ಕೆಳಗೆ ಹರಿಸುವ ಪ್ರಯೋಗ ಮಾಡಿದರು. ಹಾಡು ಬಾಯಿಪಾಠವಾಗಿರುವುದರಿಂದ ಕಣ್ಣು ತಾನಾಗಿ ಅಕ್ಷರದ ಬೆನ್ನು ಹತ್ತುತ್ತದೆ. ಡಾ. ರಾಜ್ ಹಾಡುಗಳು ಮನೆಮನೆಯಲ್ಲಿ ಬಾಯಿಗೆ ಬರುವ ಈ ನಾಡಿನಲ್ಲಿ ಅದಕ್ಕೆ ಬೇಕಾದ ಅರ್ಧ ಪಾಠ ಆಗಲೇ ಮುಗಿದಿದೆ. ಉಳಿದದ್ದು ಕನ್ನಡದ ವಾಹಿನಿಗಳ ಕೈಯಲ್ಲಿದೆ.