ಮೇಷ್ಟರ ಮನಸ್ಸಿಗೆ ಯಾರು ದಿಕ್ಕು?

ಸಂಜೆ ಕೊನೆಯ ಗಂಟೆ ಬಾರಿಸಿದರೆ ಮೇಷ್ಟರ ಕೆಲಸ ಮುಗಿಯಿತೆಂದು ಊರು ತಿಳಿಯುತ್ತದೆ. ಶನಿವಾರ ಅರ್ಧ ದಿನ, ದಸರೆಗೆ ರಜೆ, ಬೇಸಿಗೆಗೆ ರಜೆ; ಇಷ್ಟು ಸುಖದ ನೌಕರಿ ಬೇರೆ ಯಾವುದಿದೆ ಎಂಬ ಮಾತು ಅರಳಿಕಟ್ಟೆಯಲ್ಲಿ ಇಂದಿಗೂ ಕೇಳಿಬರುತ್ತದೆ. ಆದರೆ 2025ರ ದಸರಾ ರಜೆಯಲ್ಲಿ ಕರ್ನಾಟಕದ ಸಾವಿರಾರು ಸರ್ಕಾರಿ ಶಿಕ್ಷಕರು ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗಾಗಿ ಮನೆಮನೆಯ ಬಾಗಿಲು ತಟ್ಟಿದರು. ನೆಟ್‌ವರ್ಕ್ ಸಿಗದ ಕಡೆ ಮೊಬೈಲ್ ಎತ್ತಿ ಹಿಡಿದು ನಿಂತರು.

ಶಿಕ್ಷಕರನ್ನು ದಶವಾರ್ಷಿಕ ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣೆಯ ಹೊರತು ಬೋಧನೇತರ ಕೆಲಸಕ್ಕೆ ಹಚ್ಚಬಾರದು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಂ ಹೇಳುತ್ತದೆ. ಆದರೂ ಬಿಸಿಯೂಟದ ಬೇಳೆ, ಹಾಲಿನ ಪುಡಿ, ಮೊಟ್ಟೆಗಳ ಲೆಕ್ಕದಿಂದ ಹಿಡಿದು ಮಕ್ಕಳ ಮಾಹಿತಿಯನ್ನು ಕಂಪ್ಯೂಟರಿಗೆ ತುಂಬುವ ತನಕ ಎಲ್ಲವೂ ಅವರ ಹೆಗಲಿಗೇ. ಪಾಠದಿಂದ ದಣಿದೆ ಎನ್ನುವ ಮೇಷ್ಟರು ಅಪರೂಪ. ಪಾಠ ಮಾಡಲು ಬಿಡುತ್ತಿಲ್ಲ ಎಂಬುದೇ ಅವರ ದೂರು.

ಹಳೆಯ ಕೂಲಿ ಮಠದ ಅಯ್ಯನವರು ಶ್ರೀಮಂತರಾಗಿರಲಿಲ್ಲ. ಊರವರು ಕೊಟ್ಟ ಕಾಳುಕಡಿಯೇ ಅವರ ಸಂಬಳ. ಆದರೆ ಅವರು ಉತ್ತರ ಕೊಡಬೇಕಾಗಿದ್ದುದು ಊರಿಗೆ ಮಾತ್ರ. ಮೇಷ್ಟರ ಬೆನ್ನಿಗೆ ಅಂಕಪಟ್ಟಿ ಕಟ್ಟಿದ್ದು ಹತ್ತೊಂಬತ್ತನೇ ಶತಮಾನ. ಪರೀಕ್ಷೆಯಲ್ಲಿ ಎಷ್ಟು ಮಕ್ಕಳು ತೇರ್ಗಡೆಯಾದರೆ ಅಷ್ಟು ಅನುದಾನ ಎಂಬ ನಿಯಮ ಇಂಗ್ಲೆಂಡಿನಲ್ಲಿ 1862ರಲ್ಲಿ ಬಂತು. ಮುಂದೆ ಮದ್ರಾಸ್ ಪ್ರಾಂತ್ಯದಲ್ಲೂ ಇಂಥ ಪದ್ಧತಿ ಜಾರಿಯಾಯಿತು. ಮಂಗಳೂರು, ಬಳ್ಳಾರಿಗಳು ಆಗ ಆ ಪ್ರಾಂತ್ಯಕ್ಕೇ ಸೇರಿದ್ದವು. ಆ ಶತಮಾನ ಮುಗಿಯುವ ಮೊದಲೇ ಇಂಗ್ಲೆಂಡು ಅದನ್ನು ಕೈಬಿಟ್ಟಿತು. ಅದರ ನೆರಳು ಮಾತ್ರ ನಮ್ಮಲ್ಲಿ ಉಳಿದಿದೆ. ಪರೀಕ್ಷಾ ಕೊಠಡಿಗಳಿಗೆ ವೆಬ್ ಕ್ಯಾಮೆರಾ ಬಂದ 2024ರಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ ಹಿಂದಿನ ವರ್ಷದ ಶೇ 83.89ರಿಂದ ಶೇ 73.40ಕ್ಕೆ ಇಳಿಯಿತು, ಅದೂ ಕೃಪಾಂಕ ಹೆಚ್ಚಿಸಿದ ಮೇಲೆ. ಅಂಕ ಇಳಿಯುವುದು ಮಕ್ಕಳದ್ದಾದರೂ ಕಾರಣ ಕೇಳುವ ನೋಟಿಸು ಬರುವುದು ಶಾಲೆಗೆ.

ಈ ಬಗೆಯ ದಣಿವಿಗೆ ‘ಬರ್ನ್‌ಔಟ್’ ಎಂಬ ಹೆಸರು ಚಾಲ್ತಿಗೆ ಬಂದದ್ದು 1974ರ ಸುಮಾರಿಗೆ. ಮಾದಕ ವ್ಯಸನಿಗಳಿಗಾಗಿ ನಡೆಯುತ್ತಿದ್ದ ನ್ಯೂಯಾರ್ಕಿನ ಉಚಿತ ಚಿಕಿತ್ಸಾಲಯದಲ್ಲಿ ದುಡಿಯುತ್ತಿದ್ದ ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್, ಅಲ್ಲಿನ ಉತ್ಸಾಹಿ ಕಾರ್ಯಕರ್ತರೂ ತಾನೂ ಎಣ್ಣೆ ತೀರಿದ ದೀಪದ ಬತ್ತಿಯಂತಾದುದನ್ನು ಗಮನಿಸಿದರು. ಕ್ರಿಸ್ಟಿನಾ ಮ್ಯಾಸ್ಲಾಕ್ ಇದಕ್ಕೆ ಮೂರು ಲಕ್ಷಣ ಹೇಳಿದರು: ಬತ್ತಿಹೋಗುವಷ್ಟು ದಣಿವು, ಎದುರಿಗಿರುವವರ ಬಗ್ಗೆ ನಿರ್ಲಿಪ್ತತೆ, ತಾನು ಮಾಡಿದ್ದೆಲ್ಲ ವ್ಯರ್ಥವೆಂಬ ಭಾವ. ಶಾಲೆಯಲ್ಲಿ ಬೇಗ ಕಣ್ಣಿಗೆ ಬೀಳುವುದು ಎರಡನೆಯದು. ಪ್ರತಿ ಮಗುವನ್ನೂ ಹೆಸರು ಹಿಡಿದು ಕರೆಯುತ್ತಿದ್ದ ಮೇಷ್ಟರು ಹಾಜರಿ ಸಂಖ್ಯೆಯಿಂದ ಕರೆಯತೊಡಗುತ್ತಾರೆ. ಜನ ಇದನ್ನು ಸೋಮಾರಿತನ ಎನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದನ್ನು ಕಾಯಿಲೆಯೆಂದಲ್ಲ, ಕೆಲಸದ ಸ್ಥಳದಿಂದ ಹುಟ್ಟುವ ಸಂಗತಿಯೆಂದು ಗುರುತಿಸಿತು. ವ್ಯತ್ಯಾಸ ಸಣ್ಣದಲ್ಲ. ಕಾಯಿಲೆ ಎಂದರೆ ಮದ್ದು ಬೇಕಾದದ್ದು ಮೇಷ್ಟರಿಗೆ. ಇಲ್ಲಿ ದುರಸ್ತಿಯಾಗಬೇಕಾದದ್ದು ಕೆಲಸ.

ಶಾಲೆಗಳ ಆಪ್ತ ಸಲಹೆಗಾರರ ಪಾಡು ಇನ್ನೊಂದು ಬಗೆಯದು. (ಸರ್ಕಾರಿ ಶಿಕ್ಷಕರ ಬಾಯಲ್ಲಿ ‘ಕೌನ್ಸೆಲಿಂಗ್’ ಎಂದರೆ ಇಂದಿಗೂ ಮೊದಲು ವರ್ಗಾವಣೆಯ ಕೌನ್ಸೆಲಿಂಗೇ!) ಒಬ್ಬ ಸಲಹೆಗಾರರಿಗೆ 250 ಮಕ್ಕಳಿರಲಿ ಎಂದು ಅಮೆರಿಕದ ಶಾಲಾ ಸಲಹೆಗಾರರ ಸಂಘ ಹೇಳುತ್ತದೆ. ನಮ್ಮಲ್ಲಿ ಆ ಹುದ್ದೆ ಇರುವ ಶಾಲೆಗಳೇ ಕಡಿಮೆ. ಇದ್ದಲ್ಲಿ, ಕುಡಿದು ಬರುವ ಅಪ್ಪ, ಮುರಿದ ಸಂಸಾರ, ಬದುಕೇ ಬೇಡವೆನ್ನುವ ಹದಿನೈದರ ಹುಡುಗ, ಎಲ್ಲರ ಕಥೆಯೂ ಬಂದು ಬೀಳುವುದು ಒಂದೇ ಕೋಣೆಗೆ. ‘ಯಾರಿಗೂ ಹೇಳಬೇಡಿ ಮಿಸ್’ ಎಂದು ಮಗು ಮಾತು ಆರಂಭಿಸುತ್ತದೆ. ಆದರೆ ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ 2012ರ ಪೋಕ್ಸೋ ಕಾಯ್ದೆಯಂತೆ ದೂರು ಕೊಡಲೇಬೇಕು, ಮುಚ್ಚಿಟ್ಟರೆ ಶಿಕ್ಷೆ. ಆಗ ಮಗುವಿನ ನಂಬಿಕೆಗೂ ಕಾನೂನಿಗೂ ನಡುವೆ ನಿಲ್ಲುವವರು ಆ ಮಿಸ್. ಉಳಿದ ಕಥೆಗಳನ್ನು ಮನೆಯಲ್ಲೂ ಆಡುವಂತಿಲ್ಲ. ಪರರ ನೋವು ಕೇಳಿ ಕೇಳಿ ಸೋಲುವ ಈ ಸ್ಥಿತಿಯನ್ನು ಚಾರ್ಲ್ಸ್ ಫಿಗ್ಲಿ 1995ರ ತಮ್ಮ ಪುಸ್ತಕದಲ್ಲಿ ‘ಅನುಕಂಪದ ದಣಿವು’ ಎಂದು ಕರೆದರು.

ಇದನ್ನು ನಿಭಾಯಿಸುವುದು ಹೇಗೆ? ರಿಚರ್ಡ್ ಲಜಾರಸ್ ಮತ್ತು ಸೂಸನ್ ಫೋಕ್‌ಮನ್ 1984ರ ತಮ್ಮ ಗ್ರಂಥದಲ್ಲಿ ಎರಡು ದಾರಿ ತೋರಿಸಿದರು: ಒತ್ತಡದ ಕಾರಣವನ್ನೇ ತಿದ್ದುವುದು, ಇಲ್ಲವೇ ಅದರಿಂದ ಕದಡಿದ ಮನಸ್ಸನ್ನು ಸಮಾಧಾನಪಡಿಸುವುದು. ತರಬೇತಿ ಶಿಬಿರಗಳಲ್ಲಿ ಹೇಳುವ ಯೋಗ, ಪ್ರಾಣಾಯಾಮ, ವಾಯುವಿಹಾರ ಎರಡನೆಯ ದಾರಿಯವು. ಅವು ಬೇಕು. ಆದರೆ ಉಸಿರಾಟ ಸರಿಯಾದ ಮಾತ್ರಕ್ಕೆ ಮೊಟ್ಟೆ ಲೆಕ್ಕ ತಪ್ಪುವುದಿಲ್ಲ. ಮಾತಾಡಬೇಕೆನಿಸಿದವರಿಗೆ 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ ಇದೆ; ಸಂಖ್ಯೆ 14416. ಅದರ ಹೊಣೆ ಹೊತ್ತಿರುವುದು ಬೆಂಗಳೂರಿನ ನಿಮ್ಹಾನ್ಸ್.

ಸ್ಟಾಫ್ ರೂಮಿನ ಚಹಾ ಮತ್ತು ಹರಟೆ ಬಹಳ ಕಾಲದ ಮದ್ದು. ಒಂದೇ ತರಗತಿಯೊಂದಿಗೆ ಹೆಣಗುತ್ತಿರುವ ಇಬ್ಬರು ಅಲ್ಲಿ ಪರಸ್ಪರ ಬೈದುಕೊಂಡು, ನಕ್ಕು ಹಗುರಾಗುತ್ತಾರೆ. ಏಕೋಪಾಧ್ಯಾಯ ಶಾಲೆಯಲ್ಲಿ ಅದೂ ಇಲ್ಲ. ಅಂಥವರಿಗೂ ಒಂದು ಜಾಗ ಇರಲೆಂದೇ ಕ್ಲಸ್ಟರ್ ಮಟ್ಟದಲ್ಲಿ ಶಿಕ್ಷಕರನ್ನು ಒಟ್ಟುಗೂಡಿಸುವ ಏರ್ಪಾಡು ಮಾಡಲಾಗಿತ್ತು. ಅದರ ಹೆಸರೂ ಸಮಾಲೋಚನಾ ಸಭೆಯೇ. ಎಷ್ಟೋ ಕಡೆ ಆ ಹೊತ್ತು ಬಾಕಿ ಉಳಿದ ನಮೂನೆಗಳನ್ನು ತುಂಬಿ ಒಪ್ಪಿಸುವುದರಲ್ಲೇ ಮುಗಿಯುತ್ತದೆ.