ಆರೂಕಾಲು ಮೀಟರಿನ ವ್ಯಾಸದೊಳಗೆ

ಯುದ್ಧನೌಕೆಗಳನ್ನು ಕಟ್ಟುವ ರಾಷ್ಟ್ರಗಳು ಮೊದಲು ತಮ್ಮ ನೌಕಾಬಲಕ್ಕೆಂದು ಕಟ್ಟಿ, ಅನಂತರ ಅನ್ಯರಿಗೆ ವಿಕ್ರಯಿಸುವುದು ಲೋಕರೂಢಿ. ಆದರೆ ಜರ್ಮನಿಯ 209ನೆಯ ಮಾದರಿಯೆಂಬ ಜಲಾಂತರ್ಗಾಮಿಯು ಅರುವತ್ತಕ್ಕೂ ಮಿಕ್ಕಿದ ಸಂಖ್ಯೆಯಲ್ಲಿ ನಿರ್ಮಿತವಾಗಿ, ಹನ್ನೆರಡಕ್ಕೂ ಹೆಚ್ಚು ದೇಶಗಳ ಬಂದರುಗಳನ್ನು ಸೇರಿತಾದರೂ, ಅದರಲ್ಲೊಂದೂ ಜರ್ಮನಿಯ ನೌಕಾಪಡೆಗೆ ಸೇರಿದುದಲ್ಲ. ಇದಕ್ಕೆ ಕಾರಣವುಂಟು. ಎರಡನೆಯ ಮಹಾಯುದ್ಧದ ತರುವಾಯ ಆ ದೇಶದ ಮೇಲೆ ವಿಧಿಸಿದ ಒಪ್ಪಂದಗಳು ಅದರ ಜಲಾಂತರ್ಗಾಮಿಗಳ ತೂಕವನ್ನು ಮೊದಲು 350 ಟನ್ನಿಗೂ ಆಮೇಲೆ 450 ಟನ್ನಿಗೂ ಸೀಮಿತಗೊಳಿಸಿದುವು. ಆಳವಿಲ್ಲದ ಬಾಲ್ಟಿಕ್ ಸಮುದ್ರಕ್ಕೆ ಅಷ್ಟೇ ಸಾಕೂ ಆಗಿತ್ತು. ಹೊರಗಿನ ಗಿರಾಕಿಗಳ ಅವಶ್ಯಕತೆ ಬೇರೆ. ಅಮೆರಿಕದಿಂದ ಬಂದ ಯುದ್ಧಕಾಲದ ಹಳೆಯ ನೌಕೆಗಳು ಜೀರ್ಣವಾಗುತ್ತಿದ್ದ ಗ್ರೀಸ್, ತುರ್ಕಿ, ಪೆರು ಮೊದಲಾದ ರಾಷ್ಟ್ರಗಳಿಗೆ ಸಾವಿರ ಟನ್ನಿನ ಆಸುಪಾಸಿನ, ತೆರೆದ ಸಮುದ್ರದಲ್ಲಿ ವಾರಗಟ್ಟಲೆ ಸಂಚರಿಸಬಲ್ಲ, ಕೈಗೆಟಕುವ ಬೆಲೆಯ ನೌಕೆ ಬೇಕಿತ್ತು. ಯುದ್ಧಕಾಲದಲ್ಲಿ ಸ್ವತಃ ಜಲಾಂತರ್ಗಾಮಿಯ ಎಂಜಿನಿಯರನಾಗಿದ್ದ ಉಲ್ರಿಚ್ ಗಾಬ್ಲರನು ಲ್ಯೂಬೆಕ್ ಪಟ್ಟಣದ ತನ್ನ ಕಚೇರಿಯಲ್ಲಿ ಅದರ ನಕ್ಷೆ ರಚಿಸಿದನು. ಕೀಲ್ ನಗರದ ಹಡಗುಕಟ್ಟೆ ಅದನ್ನು ಕಟ್ಟಿತು. 1971ರಲ್ಲಿ ಮೊದಲನೆಯದು ಗ್ರೀಸಿನ ಸೇವೆಗೆ ನಿಂತಿತು.

ಈ ನೌಕೆಯ ಅಳತೆಗಳನ್ನು ನೋಡಿದಾಗ ಗಮನ ಸೆಳೆಯುವುದು ಅದರ ಉದ್ದವಲ್ಲ, ವ್ಯಾಸ. ಗ್ರೀಸಿನ ಮೊದಲ ನೌಕೆಯ ಉದ್ದ ಸುಮಾರು 54 ಮೀಟರು. ನಮ್ಮ ನೌಕಾಪಡೆಗೆ 1986ರಲ್ಲಿ ಸೇರಿದ, ಇದೇ ಮಾದರಿಯ ಶಿಶುಮಾರದ ಉದ್ದ 64 ಮೀಟರಿಗೂ ಮಿಗಿಲು. ಆದರೆ ಅಗಲ ಮಾತ್ರ ಇಡೀ ಸಂತತಿಯಲ್ಲಿ ಸುಮಾರು ಆರೂಕಾಲು ಮೀಟರಿನಿಂದ ಆರೂವರೆ ಮೀಟರಿನ ನಡುವೆಯೇ ನಿಂತಿದೆ. ನೀರಿನಲ್ಲಿ ಪ್ರತಿ ಹತ್ತು ಮೀಟರು ಇಳಿದಂತೆ ಒಂದು ವಾಯುಮಂಡಲದಷ್ಟು ಒತ್ತಡ ಏರುತ್ತದೆ. 300 ಮೀಟರಿನ ಆಳದಲ್ಲಿ ಒಡಲಿನ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಮೂವತ್ತು ಕಿಲೋಗ್ರಾಮಿನ ಭಾರ ಬೀಳುತ್ತದೆ. ಅದನ್ನು ತಾಳುವುದಕ್ಕೆ ವೃತ್ತಾಕಾರದ ಉಕ್ಕಿನ ಕೊಳವೆಗಿಂತ ಉತ್ತಮವಾದುದು ಬೇರೊಂದಿಲ್ಲ. ಆದರೆ ಕೊಳವೆಯ ವ್ಯಾಸ ಹೆಚ್ಚಿದಂತೆಲ್ಲ, ಅದೇ ಆಳಕ್ಕೆ, ಉಕ್ಕಿನ ದಪ್ಪವನ್ನೂ ಅದೇ ಪ್ರಮಾಣದಲ್ಲಿ ಹೆಚ್ಚಿಸಬೇಕು. ಉಕ್ಕನ್ನು ಬಾಗಿಸುವ ಯಂತ್ರ, ಬೆಸುಗೆಯ ಕ್ರಮ, ಪರೀಕ್ಷೆಯ ವಿಧಾನ, ಎಲ್ಲವನ್ನೂ ಹೊಸದಾಗಿ ಅಣಿಮಾಡಿಕೊಳ್ಳಬೇಕು. ಉದ್ದವನ್ನು ಹೆಚ್ಚಿಸುವುದಾದರೋ, ಬಿದಿರಿಗೆ ಇನ್ನೊಂದು ಗೆಣ್ಣು ಸೇರಿದಂತೆ, ಅದೇ ವ್ಯಾಸದ ಮತ್ತೊಂದು ಕೊಳವೆಯ ತುಂಡನ್ನು ನಡುವೆ ಕೂಡಿಸಿದರಾಯಿತು. ಆರೂಕಾಲು ಮೀಟರಿನೊಳಗೆ ಮನುಷ್ಯರು ತಲೆಯೆತ್ತಿ ನಡೆಯುವ ಎರಡು ಅಂತಸ್ತುಗಳೂ ಅವುಗಳ ಅಡಿಯಲ್ಲಿ ಬ್ಯಾಟರಿಗಳೂ ಹಿಡಿಸುತ್ತವೆ, ಆದ್ದರಿಂದಲೇ ಫ್ರಾನ್ಸಿನ ಸ್ಕಾರ್ಪೀನ್ (6.2 ಮೀಟರು), ಜರ್ಮನಿಯ 214ನೆಯ ಮಾದರಿ (6.3 ಮೀಟರು) ಮೊದಲಾದ ಪ್ರತಿಸ್ಪರ್ಧಿಗಳೆಲ್ಲ ಬಹುತೇಕ ಒಂದೇ ಅಳತೆಗೆ ಬಂದು ನಿಂತಿವೆ.

ನೀರಿನಡಿಯ ವೇಗಕ್ಕೆ ಉದ್ದವು ವ್ಯಾಸದ ಆರೇಳು ಪಟ್ಟಿರುವ ದುಂಡಗಿನ ಆಕಾರವೇ ಪ್ರಶಸ್ತವೆಂದು ಅಮೆರಿಕದ ಆಲ್ಬಕೋರ್ ಎಂಬ ಜಲಾಂತರ್ಗಾಮಿಯು 1950ರ ದಶಕದಲ್ಲಿಯೇ ತೋರಿಸಿಕೊಟ್ಟಿತ್ತು. ಮಾರಾಟದ ನೌಕೆಗಳಲ್ಲಿ ಈ ಪ್ರಮಾಣ ಒಂಬತ್ತರಿಂದ ಹನ್ನೊಂದರವರೆಗೆ ಏರಿರುವುದು ಅಜ್ಞಾನದಿಂದಲ್ಲ. ವೇಗದಲ್ಲಿ ಆಗುವ ಅಲ್ಪನಷ್ಟಕ್ಕಿಂತ ನಿರ್ಮಾಣದ ಸೌಲಭ್ಯವೇ ಹೆಚ್ಚು ಲಾಭವೆಂಬ ವಣಿಕ್ಬುದ್ಧಿಯಿಂದ. ರಷ್ಯದ ಕಿಲೋ ವರ್ಗ ಇದಕ್ಕೊಂದು ಅಪವಾದ: ಉದ್ದ 72.6 ಮೀಟರು, ಅಗಲ 9.9 ಮೀಟರು. ಅದು ಒಳಗೊಂದು ಹೊರಗೊಂದು ಎಂಬಂತೆ ಎರಡು ಒಡಲುಗಳುಳ್ಳದ್ದು. ಅದರ ತೂಕ ತೇಲುವಾಗ ಸುಮಾರು 2,300 ಟನ್ನು, ಮುಳುಗಿದಾಗ ಸುಮಾರು 3,000 ಟನ್ನು ಎಂದು ಪತ್ರಿಕೆಗಳು ಕೊಡುವ ಎರಡು ಅಂಕಿಗಳು ಓದುಗರನ್ನು ಗಲಿಬಿಲಿಗೊಳಿಸುವುದುಂಟು. ಆ ಎರಡರ ಅಂತರವೆಂದರೆ ಮುಳುಗುವಾಗ ತೊಟ್ಟಿಗಳಿಗೆ ತುಂಬಿಕೊಳ್ಳುವ ಸಮುದ್ರದ ನೀರು. ಒಂಟಿ ಒಡಲಿನ ಶಿಶುಮಾರದಲ್ಲಿ ಇದೇ ಅಂಕಿಗಳು 1,660 ಮತ್ತು 1,850. ಅಂತರ ಹೆಚ್ಚಿದ್ದಷ್ಟೂ ಪೆಟ್ಟು ತಿಂದ ನೌಕೆ ಮೇಲೇಳುವ ಸಂಭವ ಹೆಚ್ಚು. ಕಡಮೆಯಿದ್ದಷ್ಟೂ ಹೊತ್ತು ತಿರುಗಬೇಕಾದ ನಿಷ್ಪ್ರಯೋಜಕ ಗಾತ್ರ ಕಡಮೆ. ನಮ್ಮ ನೌಕಾಪಡೆ ಎರಡು ಪಂಥಗಳಿಗೂ ಸೇರಿದ ನೌಕೆಗಳನ್ನು ಏಕಕಾಲಕ್ಕೆ ನಡೆಸಿರುವುದು ವಿಶೇಷ. ಶಿಶುಮಾರ ವರ್ಗದಲ್ಲಿಯಾದರೆ, ಅಪಘಾತವಾದಾಗ ಇಡೀ ಸಿಬ್ಬಂದಿಯನ್ನು ಹೊತ್ತು ಮೇಲೇರಬಲ್ಲ ಉಕ್ಕಿನ ಗೋಲವೊಂದನ್ನು ಒಡಲಿನಲ್ಲಿಯೇ ಕೂಡಿಸಿದ್ದಾರೆ. ಗಾತ್ರ ಹೆಚ್ಚಿದುದಕ್ಕೆ ಅದೂ ಒಂದು ಕಾರಣ.

ಗಾತ್ರದ ದೊಡ್ಡದೊಂದು ಪಾಲನ್ನು ನುಂಗುವುದು ಮಾತ್ರ ಬ್ಯಾಟರಿ. ಮುಂಬಯಿಯ ಮಝಗಾಂವ್ ಹಡಗುಕಟ್ಟೆಯಲ್ಲಿ ಸ್ಕಾರ್ಪೀನ್ ನಕ್ಷೆಯಂತೆ ನಿರ್ಮಿತವಾಗಿ 2017ರಲ್ಲಿ ಸೇವೆಗೆ ಸೇರಿದ ಕಲ್ವರಿಯಲ್ಲಿ ತಲಾ 750 ಕಿಲೋಗ್ರಾಮಿನ 360 ಬ್ಯಾಟರಿ ಕೋಶಗಳಿವೆ. ಒಟ್ಟು 270 ಟನ್ನು, ಅಂದರೆ ಮುಳುಗಿದ ನೌಕೆಯ ಭಾರದಲ್ಲಿ ಆರನೆಯ ಒಂದು ಪಾಲಿಗೆ ಸಮೀಪ. ಇಷ್ಟಾದರೂ ಪೂರ್ಣವೇಗದಲ್ಲಿ ಧಾವಿಸಿದರೆ ಈ ಭಂಡಾರ ಗಂಟೆಯೊಂದೆರಡರಲ್ಲಿ ಬರಿದಾಗುತ್ತದೆ. ವೇಗ ಇಮ್ಮಡಿಸಿದರೆ ಬೇಕಾಗುವ ಶಕ್ತಿ ಸುಮಾರು ಎಂಟುಮಡಿಯಾಗುವುದೇ ಇದಕ್ಕೆ ಹೇತು. ನಾಲ್ಕೈದು ನಾಟಿನ ಮಂದಗತಿಯಲ್ಲಿ ಕೆಲವು ದಿನ ನಡೆಯಬಹುದು. ಆಮೇಲೆ ಗಾಳಿ ಸೇದುವ ಕೊಳವೆಯನ್ನು ನೀರಿನ ಮೇಲೆತ್ತಿ, ಡೀಸೆಲ್ ಎಂಜಿನುಗಳನ್ನು ಓಡಿಸಿ, ಬ್ಯಾಟರಿಗಳನ್ನು ತುಂಬಲೇಬೇಕು. ಶತ್ರುವಿನ ರೇಡಾರು ಹೊಂಚುವುದು ಆ ಹೊತ್ತಿಗಾಗಿ.

ಈ ಬಂಧನವನ್ನು ಸಡಿಲಿಸುವುದಕ್ಕೆಂದು ವಾಯುನಿರಪೇಕ್ಷ ಯಂತ್ರಗಳು ಬಂದುವು. ಸ್ವೀಡನಿನ ಗಾಟ್ಲೆಂಡ್ ಸ್ಟರ್ಲಿಂಗ್ ಎಂಜಿನನ್ನೂ, ಜರ್ಮನಿಯ 214 ಜಲಜನಕ-ಆಮ್ಲಜನಕಗಳ ಇಂಧನಕೋಶವನ್ನೂ ಹೊತ್ತುವು. ಇವುಗಳ ಬಲದಿಂದ ನಿಧಾನಗತಿಯಲ್ಲಿ ಎರಡು ವಾರಗಳವರೆಗೂ ಮೇಲೇರದೆ ಇರಬಹುದು. ಆದರೆ ಆ ವಾರಗಳಿಗೆ ಬೆಲೆಯನ್ನು ಮೀಟರಿನ ಲೆಕ್ಕದಲ್ಲಿ ತೆರಬೇಕು: ಫ್ರಾನ್ಸಿನಿಂದ ಪಾಕಿಸ್ತಾನ ಪಡೆದ ಅಗೋಸ್ತಾ ನೌಕೆ ಇಂಥ ಯಂತ್ರವನ್ನು ಧರಿಸಿದಾಗ 67 ಮೀಟರಿನಿಂದ 76 ಮೀಟರಿಗೆ ಬೆಳೆಯಿತು. ಬ್ರೆಜಿಲಿನವರು ತಮ್ಮ ದೀರ್ಘವಾದ ಕರಾವಳಿಯನ್ನು ನೆನೆದು, ಆ ಯಂತ್ರದ ಗೋಜಿಗೆ ಹೋಗದೆ, ಸ್ಕಾರ್ಪೀನನ್ನು 71 ಮೀಟರಿಗೆ ಮೀರಿ ಉದ್ದಗೊಳಿಸಿ, ಹೆಚ್ಚಿನ ಇಂಧನವನ್ನೂ ಆಹಾರವನ್ನೂ ತುಂಬಿಕೊಂಡರು. ನನಗೆ ಇದು ವಿವೇಕದ ನಿರ್ಧಾರವೆಂದೇ ತೋರುತ್ತದೆ. ಸಿಂಗಪುರದ್ದು ಇನ್ನೊಂದು ದಾರಿ: ಜನಸಂಖ್ಯೆ ಕಡಮೆಯಿರುವ ಆ ದ್ವೀಪರಾಷ್ಟ್ರವು ಜರ್ಮನಿಯಿಂದ ಮಾಡಿಸಿಕೊಂಡ 70 ಮೀಟರಿನ ನೌಕೆಯನ್ನು 28 ಮಂದಿಯ ಸಿಬ್ಬಂದಿಯೇ ನಡೆಸುವಂತೆ ಯಂತ್ರಗಳನ್ನು ಹೆಣೆಯಿಸಿತು.

ಜಲಾಂತರ್ಗಾಮಿಗಳ ಖರೀದಿಯ ವಾರ್ತೆಗಳನ್ನು ಓದುವ ವಾಚಕರು ಆಳ ಮತ್ತು ವೇಗಗಳ ಅಂಕಿಗಳಿಗೆ ಮರುಳಾಗಬೇಕಾಗಿಲ್ಲ. ಅವು ಮಾರುವವನೂ ಕೊಳ್ಳುವವನೂ ಸಂದರ್ಭಾನುಸಾರ ಹಿಗ್ಗಿಸುವ, ಕುಗ್ಗಿಸುವ ಅಂಕಿಗಳು. ವ್ಯಾಸವೆಷ್ಟು, ಮುಳುಗಿದಾಗಿನ ತೂಕವೆಷ್ಟು, ಮೇಲೇರದೆ ಎಷ್ಟು ದಿನ ಇರಬಲ್ಲದು ಎಂಬ ಮೂರನ್ನು ಮೊದಲು ವಿಚಾರಿಸಿ ನೋಡಿ.