ಕೆರೆ ನೀರಿನ ಗಂಟೆಜೀವಿ

ಇಂಡಿ, ಸಿಂದಗಿಗಳ ಅಂಚಿಗೆ ಭೀಮೆ. ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ದಕ್ಷಿಣಕ್ಕೆ ಕೃಷ್ಣೆ. ನಡುವಿನ ಊರುಗಳಲ್ಲಿ ಕೆರೆ, ಬಾವಿಗಳು. ಇಂಥ ನಿಂತ ನೀರಿನಲ್ಲಿ ಕೊಳೆಯುತ್ತಿರುವ ಎಲೆಯ ಚೂರೊಂದನ್ನು ಶಾಲೆಯ ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದರೆ ‘ವೋರ್ಟಿಸೆಲ್ಲಾ’ ಕಾಣಸಿಗಬಹುದು.

ಗಂಟೆಯಾಕಾರದ ದೇಹ, ಕೆಳಗೆ ದಾರದಂಥ ತೊಟ್ಟು. ನೋಡಲು ಹೂವಿನಂತಿದ್ದರೂ ಇದು ಸಸ್ಯವಲ್ಲ; ಒಂದೇ ಜೀವಕೋಶದ ಜೀವಿ. ಹಾಲೆಂಡಿನ ಲ್ಯೂವೆನ್‌ಹುಕ್ 1676ರ ಪತ್ರವೊಂದರಲ್ಲಿಯೇ ಇದನ್ನು ವರ್ಣಿಸಿದ್ದ.

ಗಾಜಿನ ಪಟ್ಟಿಯನ್ನು ಮೆಲ್ಲಗೆ ತಟ್ಟಿ ನೋಡಿ. ಕಣ್ಣು ಮಿಟುಕಿಸುವುದರೊಳಗೆ ತೊಟ್ಟು ಸ್ಪ್ರಿಂಗಿನಂತೆ ಸುರುಳಿಯಾಗುತ್ತದೆ! ತೊಟ್ಟಿನೊಳಗಿನ ಪ್ರೋಟೀನ್ ಎಳೆಗೆ ಕ್ಯಾಲ್ಸಿಯಂ ಅಯಾನುಗಳು ಅಂಟಿಕೊಳ್ಳುವುದೇ ಇದಕ್ಕೆ ಕಾರಣ.

ಬಾಯಿಯ ಸುತ್ತಲಿನ ಲೋಮಾಂಗಗಳು ನೀರಿನಲ್ಲಿ ಸುಳಿಯೆಬ್ಬಿಸಿ ಬ್ಯಾಕ್ಟೀರಿಯಾಗಳನ್ನು ಒಳಗೆಳೆಯುತ್ತವೆ. ಹೀಗಾಗಿ ಕೊಳಚೆ ನೀರಿನ ಶುದ್ಧೀಕರಣ ಘಟಕಗಳಲ್ಲಿ ನೀರು ತಿಳಿಯಾಗಲು ಇದರ ನೆರವೂ ಉಂಟು.

ಹಾಗೆಂದು ಮೋಸಹೋಗಬಾರದು. ಈ ಜೀವಿ ಮನುಷ್ಯನಿಗೆ ರೋಗ ತರದು, ನಿಜ. ಆದರೆ ಅದು ಬದುಕಿದೆಯೆಂದರೆ ಅದರ ಆಹಾರವಾದ ಬ್ಯಾಕ್ಟೀರಿಯಾಗಳೂ ಆ ನೀರಿನಲ್ಲಿ ಇವೆಯೆಂದೇ ಅರ್ಥ. ಕಣ್ಣಿಗೆ ತಿಳಿಯಾಗಿ ಕಂಡ ನೀರೆಲ್ಲ ಕುಡಿಯುವ ನೀರಲ್ಲ. ಸೂಕ್ಷ್ಮದರ್ಶಕದಲ್ಲಿ ಕಂಡದ್ದನ್ನು ಮಕ್ಕಳು ಮನೆಯಲ್ಲಿ ಹೇಳಲಿ. ಪಾಲಕರು ನೀರನ್ನು ಸೋಸಿ, ಕುದಿಸಿ, ಆರಿಸಿ ಕೊಡಲಿ.